ಬೋಟಿನ ಮಂಡೆಯ ಮೇಲಿನ ಬೊಟ್ಟು

ನಮ್ಮ ಮನೆಯವರು ವಾಯುಸೇನೆಯಲ್ಲಿದ್ದವರು ಎಂದರೆ ಜನ ಅವರು ವಿಮಾನ ಹಾರಿಸುತ್ತಿದ್ದರು ಎಂದು ತಿಳಿಯುತ್ತಾರೆ. ಹಾರಿಸಿದವರಲ್ಲ, ಬಣ್ಣ ಹೊಡೆದವರು. ವಿಮಾನದ ರೆಕ್ಕೆಗೆ, ಮೈಗೆ, ಬಾಲಕ್ಕೆ ನಮ್ಮ ದೇಶದ ಗುರುತು ಬಳಿಯುವುದು ಅವರ ಕೆಲಸ. ಗಂಗೊಳ್ಳಿಯಲ್ಲಿ ದೋಣಿಗೆ ಬಣ್ಣ ಹೊಡೆಯುತ್ತಿದ್ದವರು ಅಲ್ಲಿಗೆ ಹೋಗಿ ವಿಮಾನಕ್ಕೆ ಹೊಡೆದರು, ವ್ಯತ್ಯಾಸ ಅಷ್ಟೇ. ಈಗ ಕಣ್ಣಿಗೆ ಮಂಜು, ಕಿವಿ ಅರ್ಧ. ಬಾಯಿ ಮಾತ್ರ ಪೂರ್ತಿ ಇದೆ.

ಎಪ್ಪತ್ತೊಂದರ ಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮೊದಲು ನನ್ನ ಮದುವೆ. ಪಂಜಾಬಿನಲ್ಲಿ ಕ್ವಾರ್ಟರ್ಸು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಹಿಂದಿ ಬರುವುದಿಲ್ಲ, ಮೀನು ಸಿಕ್ಕುವುದಿಲ್ಲ, ಹೊತ್ತು ಹೋಗುವುದಿಲ್ಲ. ತಂತಿ ಬೇಲಿಯ ಆಚೆ ನಿಂತ ವಿಮಾನಗಳನ್ನು ನೋಡುತ್ತ ಕೂರುತ್ತಿದ್ದೆ. ಮೊದಲ ಸಲ ಆ ಗುಂಡು ಗುರುತು ಕಂಡಾಗ ಕೇಳಿದೆ, "ಎಂತ ಇದ್, ನಿಮ್ಮ ವಿಮಾನಕ್ಕೂ ಬೊಟ್ಟ್ ಇಡುದಾ?"

"ಬೊಟ್ಟಲ್ಲ ಮಾರಾಯ್ತಿ, ರೌಂಡಲ್ ಅಂಬ್ರ್ ಅದಕ್ಕೆ."

"ಎಂತ ಬೇಕಾರೂ ಅನ್ನಿ. ಗುಂಡಗಿತ್ತ್, ಬಣ್ಣ ಇತ್ತ್. ಬೊಟ್ಟೇ."

ಅಂದಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ಬೊಟ್ಟು ಎಂದೇ ಹೆಸರು. ಮಗ ಹುಟ್ಟಿದ ಮೇಲೆ ಅವನೂ ಹಾಗೇ ಕಲಿತ. ಹೆಸರು ಇಟ್ಟವಳು ನಾನು. ಅದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ, ಇವತ್ತಿಗೂ ಕಾಣುವುದಿಲ್ಲ.

ಆ ಬೊಟ್ಟಿನ ಪುರಾಣ ಹೇಳಲು ಕುಳಿತರೆ ಅವರಿಗೆ ಊಟ ಬೇಡ. ಮೊದಮೊದಲು ವಿಮಾನಕ್ಕೆ ಗುರುತೇ ಇರಲಿಲ್ಲವಂತೆ. ಹಳೆಯ ಕಾಲದ ದೊಡ್ಡ ಯುದ್ಧದಲ್ಲಿ ನೆಲದ ಸಿಪಾಯಿಗಳು ತಲೆಯ ಮೇಲೆ ಏನು ಹಾರಿದರೂ ಗುಂಡು ಹೊಡೆಯುತ್ತಿದ್ದರಂತೆ, ತಮ್ಮವರೋ ಬೇರೆಯವರೋ ನೋಡದೆ. ಬ್ರಿಟಿಷರು ತಮ್ಮ ಬಾವುಟವನ್ನೇ ರೆಕ್ಕೆಗೆ ಬಳಿದರು. ಬಾವುಟದ ಶಿಲುಬೆ ದೂರಕ್ಕೆ ಜರ್ಮನಿಯವರ ಶಿಲುಬೆಯ ಹಾಗೇ ಕಂಡಿತು. ಮತ್ತೆ ಗುಂಡು. ಆಮೇಲೆ ಫ್ರಾನ್ಸಿನವರನ್ನು ನೋಡಿ ಇವರೂ ಬಳೆಯ ಹಾಗೆ ಗುಂಡಗೆ ಮಾಡಿದರು. ಬಣ್ಣ ಅವೇ ಮೂರು, ಅವರ ಒಳಗಿನದು ಇವರಿಗೆ ಹೊರಗೆ, ಅವರ ಹೊರಗಿನದು ಇವರಿಗೆ ಒಳಗೆ. ಎರಡನೇ ಯುದ್ಧದಲ್ಲಿ ಬರ್ಮಾದ ಕಡೆ ಜಪಾನಿನವರ ಗುರುತು ಬರೀ ಕೆಂಪು ಗುಂಡು. ಬ್ರಿಟಿಷರ ಬಳೆಯ ನಡುವೆಯೂ ಕೆಂಪು. ಕೆಂಪು ಕಂಡರೆ ಹೊಡೆ ಎಂಬ ಕಾಲ ಅದು. ನಡುವಿನ ಕೆಂಪನ್ನು ತೆಗೆದೇ ಬಿಟ್ಟರು. ಆಗ ನಮ್ಮ ವಿಮಾನಗಳಿಗೂ ಬ್ರಿಟಿಷರದ್ದೇ ಗುರುತು, ಇಲ್ಲಿಯೂ ತೆಗೆದರು. ಅಮೆರಿಕದವರು ತಮ್ಮ ನಕ್ಷತ್ರದ ನಡುವಿನ ಕೆಂಪು ಚುಕ್ಕೆ ತೆಗೆದರು. ಸ್ವಾತಂತ್ರ್ಯ ಬಂದ ಮೇಲೆ ನಮಗೆ ಸ್ವಲ್ಪ ಕಾಲ ಚಕ್ರ ಇತ್ತಂತೆ, ಆಮೇಲೆ ಮೂರು ಬಣ್ಣದ ಈ ಬೊಟ್ಟು.

ನಮ್ಮ ಯುದ್ಧ ಹತ್ತಿರ ಬಂದಾಗ ಹೊಳೆಯುವ ವಿಮಾನಗಳಿಗೆಲ್ಲ ಅವಸರದಲ್ಲಿ ಮಣ್ಣಿನ ಬಣ್ಣ ಬಳಿದರು. ಮನೆಗೆ ಬಂದರೆ ಇವರ ಕೈ, ಕೂದಲು, ಉಗುರು ಎಲ್ಲ ಅದೇ ಬಣ್ಣ. ನಮ್ಮವರಿಗೆ ಕಾಣಬೇಕು, ಅವರಿಗೆ ಕಾಣಬಾರದು, ಅಂಥ ಗುರುತು ಹೇಗೆ ಬಳಿಯುವುದು ಎಂದು ತಮಗೆ ತಾವೇ ಗೊಣಗುತ್ತಿದ್ದರು. ಕ್ವಾರ್ಟರ್ಸಿನ ಹಿಂದೆ ಹೊಂಡ ತೋಡಿದರು. ಹೆಂಗಸರನ್ನೆಲ್ಲ ನಿಲ್ಲಿಸಿ ಹೇಳಿಕೊಟ್ಟರು. ಹೊರಗೆ ಕೇಸರಿ, ಮಧ್ಯ ಬಿಳಿ, ಒಳಗೆ ಹಸಿರು ಇದ್ದರೆ ನಮ್ಮದು. ಹೊರಗೆ ಹಸಿರು, ಒಳಗೆ ಬಿಳಿ ಇದ್ದರೆ ಗಡಿಯಾಚೆಯವರದು, ಹೊಂಡಕ್ಕೆ ಹಾರಿ. ನಾನು ಹಾರಿ ಹಾರಿ ಮೊಣಕಾಲು ಕೆತ್ತಿಕೊಂಡೆ. ಯುದ್ಧ ಶುರುವಾಗುವ ಮೊದಲೇ ನಮ್ಮನ್ನು ರೈಲು ಹತ್ತಿಸಿ ಊರಿಗೆ ಕಳಿಸಿದರು. ಆದರೆ ಆ ಪಾಠ ಮರೆಯಲಿಲ್ಲ. ಕಲಿತದ್ದು ಕಡಿಮೆ ಇದ್ದವರಿಗೆ ಕಲಿತದ್ದು ಮರೆಯುವುದಿಲ್ಲ.

ಈಗಿನ ಮಾತಿಗೆ ಬರುತ್ತೇನೆ. ಈಚೆಗೆ ಒಂದು ಬೇಸಗೆಯಲ್ಲಿ ಟಿವಿಯಲ್ಲಿ ಮತ್ತೆ ಯುದ್ಧ, ಯುದ್ಧ ಎಂದು ಕೂಗು ಎದ್ದಿತು. ಗಡಿ ಇಲ್ಲಿಂದ ಎಲ್ಲಿಯೋ ಇದೆ. ಆದರೆ ಕಡಲಿಗೆ ಬೇಲಿ ಇಲ್ಲ. ಬೋಟು ನಿಲ್ಲುವ ದಕ್ಕೆಯಲ್ಲಿ ಮೈಕು ಕಟ್ಟಿ ಹೇಳಿದರು, ಗುರುತಿನ ಚೀಟಿ ಇಲ್ಲದೆ ಯಾರೂ ಹೋಗಬೇಡಿ, ಗೊತ್ತಿಲ್ಲದ ಬೋಟು ಕಂಡರೆ ತಿಳಿಸಿ, ಕ್ಯಾಬಿನ್ನಿನ ಮಾಡಿಗೆ, ಅಂದರೆ ಚಾವಣಿಗೆ, ಸರ್ಕಾರ ಹೇಳಿದ ಬಣ್ಣ ಮಾಸಿದ್ದರೆ ಹೊಸದಾಗಿ ಹೊಡೆಯಿರಿ, ಮೇಲಿನಿಂದ ನೋಡುವವರಿಗೆ ಗುರುತು ಸಿಕ್ಕಬೇಕು. ಕಾವಲಿನ ವಿಮಾನ ತೆಂಗಿನ ಮರದ ತಲೆ ಸವರುವ ಹಾಗೆ ಕೆಳಗೆ ಹೋಗುತ್ತಿತ್ತು. ಕೋಳಿಗಳು ಓಡುತ್ತಿದ್ದವು. ನನಗೂ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಗುಡಿಸಿದ ಅಂಗಳವನ್ನೇ ಗುಡಿಸುತ್ತಿದ್ದೆ.

ನನ್ನ ಮಗ ನಮ್ಮದೇ ಸಣ್ಣ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವನು. ಹರೆಯದಲ್ಲಿ ಮುಂಬೈಯ ಬಂದರಿನಲ್ಲಿ ದುಡಿದು ಬಂದವನು. ತಲೆಗೂದಲು ನೆರೆತರೂ ಬುದ್ಧಿ ಮಾತ್ರ ಅವನ ಅಪ್ಪನದ್ದು, ಬಣ್ಣ ಕಂಡರೆ ಕೈ ತುರಿಸುತ್ತದೆ. ಒಂದು ಸೋಮವಾರ ಊಟಕ್ಕೆ ಕುಳಿತವನು ಅಪ್ಪನ ಕಿವಿಯ ಹತ್ತಿರ ಬಾಗಿ ಕೂಗಿದ, "ಅಪ್ಪಯ್ಯಾ, ನಿಮ್ಮ ಬೊಟ್ಟಿಗೆ ಯಾವ್ ಯಾವ್ ಬಣ್ಣ?"

ಇವರಿಗೆ ಖುಷಿಯೋ ಖುಷಿ. ಯಾರೂ ಕೇಳದೆ ಎಷ್ಟು ಕಾಲವಾಗಿತ್ತೋ. "ಕೇಸರಿ, ಬಿಳಿ, ಹಸ್ರ್. ಬಾವುಟದ್ದೇ ಬಣ್ಣ ಮಗಾ. ಎಂತಕ್?"

"ಎಂತಕಿಲ್ಲ, ಸುಮ್ನೆ."

ಯಾವುದು ಒಳಗೆ, ಯಾವುದು ಹೊರಗೆ ಎಂದು ಇವನು ಕೇಳಲಿಲ್ಲ. ಅವರು ಹೇಳಲಿಲ್ಲ. ನಾನು ಮೀನು ಕೊಯ್ಯುತ್ತಿದ್ದೆ, ಆ ಮಾತಿಗೆ ಕಿವಿ ಕೊಡಲಿಲ್ಲ.

ಬುಧವಾರ ಬೆಳಗಾಗುವ ಮೊದಲೇ ಬೋಟು ಹೋಯಿತು. ಶಿರೂರಿನ ಕಡೆ ಬಂಗುಡೆ ಎದ್ದಿದೆ ಎಂದು ಸುದ್ದಿ. ಮಾರನೆಯ ದಿನ ವಾಪಸು ಬರುವ ಲೆಕ್ಕ. ಮಧ್ಯಾಹ್ನ ಸೊಸೆ ಮೊಬೈಲು ಹಿಡಿದು ಬಂದಳು. ಮಂಜುಗಡ್ಡೆ ಫ್ಯಾಕ್ಟರಿಯ ಮೆಟ್ಟಿಲು ಹತ್ತಿ ಮೇಲಿನಿಂದ ತೆಗೆದ ಫೋಟೋ.

"ಕಾಣಿ ಅತ್ತೆ, ನಮ್ಮ ಬೋಟ್ ಹ್ಯಾಂಗ್ ಕಾಂತ್! ಮಂಗ್ಳಾರ ದಿನ ಇಡೀ ಕೂಕಂಡ್ ಹೊಡ್ದ್ರ್."

ಕನ್ನಡಕ ಹಾಕಿಕೊಂಡು ನೋಡಿದೆ. ಕ್ಯಾಬಿನ್ನಿನ ಮಾಡಿನ ತುಂಬ ದೊಡ್ಡ ಗುಂಡು. ಹೊರಗೆ ಹಸಿರು ಬಳೆ. ಒಳಗೆಲ್ಲ ಬಿಳಿ.

"ಕೇಸರಿ ಎಲ್ಲ್ ಹೋಯ್ತ್?"

"ಅದ್ ನಡುವಿಗಲ್ದಾ ಅತ್ತೆ, ಬೊಟ್ಟ್. ಶುಕ್ರಾರ ಪೂಜಿ ಮಾಡಿ ನನ್ನ ಕೈಯಂಗೆ ಇಡುಕ್ ಹೇಳಿದ್ರ್. ಬಣ್ಣದ ಡಬ್ಬಿ ದೇವ್ರ ಕೋಣಿಯಂಗೇ ಇತ್ತ್."

ನಮ್ಮಲ್ಲಿ ಬೋಟಿಗೆ ಹೊಸ ಬಣ್ಣ ಹೊಡೆದರೆ ಮೂತಿಗೆ ಕುಂಕುಮ ಇಡುವುದು ಮನೆಯ ಮುತ್ತೈದೆ. ಬೊಟ್ಟು ಎಂದ ಮೇಲೆ ಅದು ನಡುವೆ ಇರಬೇಕು, ಕುಂಕುಮದ ಬಣ್ಣದ್ದಿರಬೇಕು, ಹೆಂಗಸಿನ ಕೈಯಿಂದ ಇಡಬೇಕು. ಮೇಲಿನವರಿಗೆ ಗುರುತು ಸಿಕ್ಕಲಿ ಎಂದು ಬಳಿಯಹೋದ ಮಗ ಹಾಗೆ ತಿಳಿದ. ಹಣೆ ನೋಡಿ ಬೆಳೆದವರು ಯಾರೇ ಆದರೂ ಹಾಗೇ ತಿಳಿಯುತ್ತಾರೆ. ಆದರೆ ಈಗ ಕಡಲಿನಲ್ಲಿ ತೇಲುತ್ತಿರುವುದು ಯಾವ ಬೊಟ್ಟು? ಕಾವಲಿನ ವಿಮಾನ ಹಗಲೆಲ್ಲ ಸುತ್ತುವಾಗ, ಆಚೆಯವರ ಗುರುತು ತಲೆಯ ಮೇಲೆ ಹೊತ್ತು ನನ್ನ ಮಗ ಬಂಗುಡೆ ಹಿಡಿಯುತ್ತಿದ್ದಾನೆ.

ಮೊಬೈಲು ಕಿತ್ತುಕೊಂಡು ಚಾವಡಿಗೆ ಹೋದೆ. ಮನೆಯವರ ಕಣ್ಣಿಗೆ ಅದು ಕಾಣುವಂತಿಲ್ಲ. ಕಿವಿಗೆ ಕೂಗಿದೆ, "ನಿಮ್ಮ ಮಗ ಬೋಟಿನ ಮಂಡಿ ಮೇಲೆ ಬೊಟ್ಟ್ ಬಳ್ದಿದ. ಹೊರ್ಗ್ ಹಸ್ರ್, ಒಳ್ಗ್ ಬಿಳಿ."

"ಒಳ್ಗ್ ಎಂತ ಅಂದೆ?"

"ಬಿಳಿ. ಬರೀ ಬಿಳಿ."

ಬಾಯಲ್ಲಿದ್ದ ಎಲೆ ಅಡಿಕೆ ಅಗಿಯುವುದು ನಿಂತಿತು. "ಅದ್ ಅವರದ್ದಲ್ದಾ," ಎಂದರು. ಆಮೇಲೆ, "ಕೇಸರಿ ಹೊರ್ಗ್ ಅಂದೇಳಿ ಹೇಳ್ಲಿಲ್ಯಾ ನಾನ್?"

"ಹೇಳ್ಲಿಲ್ಲ. ಬ್ಯಾಡ್ದೇ ಇದ್ದದ್ ಸಾವ್ರ ಹೇಳಿದ್ರಿ ಈವರೆಗೆ. ಇದೊಂದ್ ಹೇಳ್ಲಿಲ್ಲ."

ಸೊಸೆ ಫೋನು ಮಾಡಿದಳು. ಸಿಕ್ಕಲಿಲ್ಲ, ದಡ ಬಿಟ್ಟು ದೂರ ಹೋದರೆ ಸಿಕ್ಕುವುದಿಲ್ಲ. ಅವಳಿಗೆ ಇನ್ನೂ ವಿಷಯದ ತೂಕ ಗೊತ್ತಾಗಿರಲಿಲ್ಲ. "ಮೀನಿನ ಬೋಟ್ ಅಂದ್ ಕಂಡ್ರೆ ಗೊತ್ತಾತಿಲ್ಯಾ ಅತ್ತೆ?" ಎಂದಳು. ಅಷ್ಟು ಹೊತ್ತಿಗೆ ವಿಮಾನ ಮಾಡಿನ ಮೇಲೆ ಹಾದು ಬಡಗಿಗೆ ಹೋಯಿತು. ಬಡಗು ಎಂದರೆ ಬೈಂದೂರು, ಶಿರೂರು. ಅವಳು ಮತ್ತೆ ಮತ್ತೆ ಫೋನು ಒತ್ತತೊಡಗಿದಳು. ನಾನು ಸೆರಗು ಸಿಕ್ಕಿಸಿ ಹೊರಟೆ. ಹಿಂದೆಯೇ ಅವಳೂ ಬಂದಳು.

ದಕ್ಕೆಯಲ್ಲಿ ಎಂಜಿನ್ನು ಕೆಟ್ಟು ಕಟ್ಟಿ ಹಾಕಿದ ಒಂದು ಬೋಟಿತ್ತು. ಅದರ ತಾಂಡೇಲ ಮುದುಕ, ನನಗೆ ಹಳೆಯ ಪರಿಚಯ. ನಾನು ಬ್ರಹ್ಮಾವರದ ಸಂತೆಗೆ ಬಸ್ಸಿನಲ್ಲಿ ಮೀನು ಬುಟ್ಟಿ ಹೊರುತ್ತಿದ್ದ ಕಾಲದಲ್ಲಿ ಅವನ ಬೋಟಿನ ಮೀನನ್ನೇ ಒಯ್ಯುತ್ತಿದ್ದೆ.

"ಹ್ವಾಯ್ ಅಕ್ಕಾ, ಎಂತ ಈ ಬಿಸ್ಲಂಗೆ ಓಡ್ಕಂಡ್ ಬಂದ್ರಿ? ಬಂಗ್ಡಿ ಇನ್ನೂ ಬರ್ಲಿಲ್ಲ ಕಾಣಿ."

"ಬಂಗ್ಡಿ ಹಾಳಾಯ್ಲಿ. ನಿನ್ನ ವಾಯರ್‌ಲೆಸ್ ಸರಿ ಇತ್ತಾ?"

ವಿಷಯ ಹೇಳಿದೆ. ಅವನು ನಕ್ಕ. "ಮೀನ್ ಬೋಟಿಗೆ ಯಾರ್ ಬಾಂಬ್ ಹಾಕ್ತ್ರ್ ಅಕ್ಕಾ? ವಾಸ್ನಿ ಬಂದ್ರೇ ಗೊತ್ತಾತ್ತ್, ಇದ್ ಗಂಗೊಳ್ಳಿದ್ದ್ ಅಂದೇಳಿ."

"ಮೇಲೆ ಹಾರುವವ್ರಿಗೆ ವಾಸ್ನಿ ಹೋತ್ತಾ? ಇಕಾ, ಇದ್ ಕಾಣ್."

ಫೋಟೋ ನೋಡಿದ. ನಗು ಬಿಟ್ಟ. ವಾಯರ್‌ಲೆಸ್ಸಿನ ಹತ್ತಿರ ಹೋಗಿ ಕೈ ಹಾಕುವಷ್ಟರಲ್ಲಿ, ಪಕ್ಕದಲ್ಲಿ ಬಲೆ ಹೊಲಿಯುತ್ತಿದ್ದ ಬೋಟಿನ ಆಳು, ಕಲಾಸಿ ಒಬ್ಬ, ತಲೆ ಎತ್ತದೆ ಹೇಳಿದ, "ಬಿಚ್ಚಿ ಹೇಳ್ಬೇಡಿ. ಅದ್ರಂಗ್ ಹೇಳಿದ್ನ ಎಲ್ಲರೂ ಕೇಂತ್ರ್, ಕಾವಲಿನವ್ರೂ ಕೇಂತ್ರ್. ಆ ದೇಶದ ಗುರ್ತ್ ಇಪ್ಪ ಬೋಟ್ ಒಂದ್ ಶಿರೂರ್ ಬದಿಯಂಗ್ ಇತ್ತ್ ಅಂದ್ರೆ ನಾವೇ ಹಿಡ್ಸ್ ಕೊಟ್ಟಂಗೆ."

ಅದೂ ನಿಜವೇ. ತಾಂಡೇಲ ಕೈ ಹಿಂದೆ ತೆಗೆದ. ಹೇಳದೆ ಇರುವಂತಿಲ್ಲ, ಹೇಳುವಂತೆಯೂ ಇಲ್ಲ. ನಾನು ಅಂದೆ, "ಹಾಂಗಾರೆ ದೇಶ ಗೀಶ ಎಂತದೂ ಬ್ಯಾಡ. ಬೊಟ್ಟ್ ಒರ್ಸ್ ಅಂದ್ ಹೇಳ್. ನಮ್ಮ ಮನಿ ಮಾತ್ ಅದ್, ಅವ್ನಿಗ್ ಗೊತ್ತಾತ್ತ್."

ಬಲೆ ಹೊಲಿಯುವವನ ಕೈ ನಿಂತಿತು. ಸೊಸೆಯ ಕೈ ಅವಳ ಹಣೆಗೆ ಹೋಯಿತು.

"ಅತ್ತೆ! ಎಂತ ಮಾತ್ ಅದ್? ನಾನ್ ಇಲ್ಲೇ ನಿಂತಿದ್ದೆ."

ಬೊಟ್ಟು ಒರೆಸುವುದು ಎಂದರೆ ನಮ್ಮಲ್ಲಿ ಒಂದೇ ಅರ್ಥ. ಗಂಡ ಸತ್ತ ದಿನ ಹೆಂಡತಿಯ ಹಣೆಗೆ ಮಾಡುವ ಕೆಲಸ ಅದು. ಹಣೆಯ ಕುಂಕುಮ ಬೆವರಿಗೆ ಇಳಿದರೂ ಒರೆಸು ಎನ್ನುವುದಿಲ್ಲ, ಸರಿ ಮಾಡಿಕೊ ಎನ್ನುತ್ತೇವೆ. ಅದೂ ಗಂಡ ಕಡಲಿನಲ್ಲಿರುವಾಗ. ನನಗೆ ಗೊತ್ತಿಲ್ಲ ಎಂದಲ್ಲ. ಆದರೆ ಬೇರೆ ಮಾತು ಹುಡುಕುತ್ತ ನಿಲ್ಲಲು ಹೊತ್ತಿರಲಿಲ್ಲ.

ತಾಂಡೇಲ ತಲೆ ಅಲ್ಲಾಡಿಸಿದ. "ಕಡ್ಲಂಗ್ ಇಪ್ಪವನಿಗೆ ಆ ಮಾತ್ ನನ್ನ ಬಾಯಂಗ್ ಬತ್ತಿಲ್ಲ ಅಕ್ಕಾ. ಬೇರೆ ಎಂತಾರೂ ಹೇಳ್ವ. ಮುಚ್ಕಣ್ ಅಂಬ್ವ."

"ಎಂತ ಮುಚ್ಕಂತ ಅವ? ಬಾಯ್ ಮುಚ್ಕಂತ. ನನ್ನ ಕೈಗೆ ಕೊಡ್."

"ಅತ್ತೆ, ಬ್ಯಾಡ!"

"ನಿನ್ನ ಬೊಟ್ಟ್ ಉಳೂಕಂದೇ ಹೇಳುದ್, ಸುಮ್ನೆ ನಿಲ್ಲ್."

ಗುಂಡಿ ಒತ್ತಿ ಮಾತಾಡಬೇಕು, ಬಿಟ್ಟು ಕೇಳಬೇಕು ಎಂದು ತಾಂಡೇಲ ತೋರಿಸಿದ. ಒತ್ತಿದೆ. ನಮ್ಮ ಬೋಟಿನ ಹೆಸರು ಹಿಡಿದು ಕೂಗಿದೆ. ಅವರಿಗೆ ಮುಟ್ಟಲಿಲ್ಲ. ಕೋಡೇರಿಯ ಹೊರಗಿದ್ದ ಬೋಟಿನವನು ಯಾರೋ ಎತ್ತಿದ.

"ಯಾರ್ ಅದ್ ಹೆಂಗ್ಸ್? ಇದ್ರಂಗ್ ಎಂತ ಮಾಡ್ತ್ರಿ?"

"ನಾನ್ ಅವ್ನ ಅಮ್ಮ. ಅವ್ನಿಗ್ ಮುಟ್ಸ್ ಮಗಾ. ಬೊಟ್ಟ್ ಒರ್ಸುಕ್ ಹೇಳಿದ್ರ್ ಅನ್ನ್. ಈಗಳೇ."

ಬರಬರ ಎಂದು ಸದ್ದು. "ಎಂತ ಮಾಡುಕಾ?"

"ಬೊಟ್ಟ್! ಒರ್ಸುಕೆ!"

ಬರಬರ. ಆಮೇಲೆ, "ಹ್ಞಾ ಹ್ಞಾ. ಬೊಟ್ಟಿನ ವಿಷ್ಯ ಅಲ್ದಾ. ಹೇಳ್ತೆ ಹೇಳ್ತೆ."

ಸೊಸೆ ಮನೆಯ ತನಕ ನನ್ನಿಂದ ಹಿಂದೆ ನಡೆದಳು. ಮನೆಗೆ ಬಂದು ಮುಖ ತೊಳೆದು ಹೊಸದಾಗಿ ಕುಂಕುಮ ಇಟ್ಟಳು, ಎಂದಿನದಕ್ಕಿಂತ ದೊಡ್ಡದು. ಹಟ್ಟಿಯಂಗಡಿಯ ಗಣಪತಿಗೆ ಹರಕೆ ಹೇಳಿಕೊಂಡಳು. ಅನ್ನ ಮಾಡಿದಳು, ಬಡಿಸಿದಳು, ನನ್ನ ಮುಖ ನೋಡಲಿಲ್ಲ. ಮನೆಯವರು ಮಾತ್ರ ಚಾವಡಿಯಲ್ಲಿ ಕುಳಿತು ಮಾತಾಡುತ್ತಲೇ ಇದ್ದರು. ಅಷ್ಟು ಎತ್ತರದಿಂದ ಹಸಿರು ಕಪ್ಪಾಗಿ ಕಾಣುತ್ತದೆ, ಬಿಳಿ ಮಾತ್ರ ಹೊಡೆದು ಕಾಣುತ್ತದೆ, ಬಿಸಿಲಿದ್ದರೆ ಹೀಗೆ, ಮೋಡ ಇದ್ದರೆ ಹಾಗೆ. ನನಗೆ ರೇಗಿ ಹೋಯಿತು.

"ಬಾಯ್ ಮುಚ್ಕಣಿ ಒಂಚೂರ್."

"ನಾನ್ ಧೈರ್ಯ ಹೇಳುದ್ ಮಾರಾಯ್ತಿ."

"ಹೀಂಗಾ ಧೈರ್ಯ ಹೇಳುದ್?"

ಬಾವಿಕಟ್ಟೆಗೆ ಹೋದೆ, ಬಂದೆ. ಒಣಗಿದ ಬಟ್ಟೆ ತೆಗೆದೆ, ಇನ್ನೂ ಹಸಿ ಇದ್ದವನ್ನೂ ತೆಗೆದೆ. ಸಂಜೆ ಕಡಲ ಬದಿಗೆ ಹೋಗಿ ನಿಂತೆ. ಅಲ್ಲಿಂದ ಕಾಣುವುದೇನು, ನೀರು. ಬಡಗಿನಿಂದ ವಿಮಾನ ವಾಪಸು ಬಂತು. ಹೋದ ವಿಮಾನ ಸುಮ್ಮನೆ ವಾಪಸು ಬಂದರೆ ಒಳ್ಳೆಯದೋ ಕೆಟ್ಟದೋ? ಯಾರನ್ನು ಕೇಳುವುದು? ರಾತ್ರಿಯ ಬಗ್ಗೆ ಹೇಳುವುದೇನಿಲ್ಲ. ಬೆಳಗಾಯಿತು.

ಗುರುವಾರ ಮಧ್ಯಾಹ್ನದ ಹೊತ್ತಿಗೆ ಬೇರೆ ಬೋಟುಗಳು ಒಂದೊಂದಾಗಿ ಅಳಿವೆ ದಾಟಿ ಒಳಗೆ ಬಂದವು. ನಮ್ಮದು ಇಲ್ಲ. ಸೊಸೆಯೂ ನಾನೂ ದಕ್ಕೆಯಲ್ಲೇ ಇದ್ದೆವು, ಅವಳು ಆ ತುದಿ, ನಾನು ಈ ತುದಿ. ಬಂದವರನ್ನೆಲ್ಲ ಕೇಳಿದೆ. ಒಬ್ಬ ಹೇಳಿದ, "ಬೆಳಿಗ್ಗೆ ಕಂಡಿದ್ದೆ ಅಮ್ಮ. ಕಾವಲಿನವರ ಬೋಟ್ ಪಕ್ಕದಂಗೇ ನಿಂತಿತ್ತ್. ಅವ್ರ್ ಇವ್ರ ಬೋಟಂಗ್ ಇಳ್ದ್ರ್. ಮತ್ತೆ ನಾವ್ ನಿಲ್ಲ್‌ಲಿಲ್ಲ, ನಮ್ಗ್ಯಾಕೆ ಅಂದ್ ಬಂದ್ವ."

"ಗುಂಡಿನ ಸದ್ದ್?"

"ಇಲ್ಲಪ್ಪ. ನಂಗ್ ಕೇಣ್ಲಿಲ್ಲ."

ಆ "ನಂಗೆ" ಎನ್ನುವ ಮಾತು ನನಗೆ ಹಿಡಿಸಲಿಲ್ಲ. ಇನ್ನೊಬ್ಬನಿಗೆ ಕೇಳಿಸಿತೋ ಎಂದು ವಿಚಾರಿಸುತ್ತ ಹೋದೆ. ಮೀನು ಹರಾಜಿನ ಗಲಾಟೆಯಲ್ಲಿ ಯಾರಿಗೂ ನನ್ನ ಮಾತು ಬೇಕಿರಲಿಲ್ಲ. ಸಿದ್ದಾಪುರಕ್ಕೆ ಮೀನು ಒಯ್ಯುವ ಹೆಂಗಸು ಒಬ್ಬಳು, "ಕೂಕಣಿ ಅಕ್ಕಾ, ನೀವ್ ತಿರ್ಗುದ್ ಕಂಡ್ ನಂಗೇ ತಲಿ ತಿರ್ಗ್ತ್," ಎಂದಳು. ಕೂರಲಿಲ್ಲ.

ಹೊತ್ತು ಇಳಿಯುವಾಗ ಬಂತು. ಬೋಟಿನ ಶಬ್ದ ಸೊಸೆಗೆ ನನಗಿಂತ ಮೊದಲು ಗೊತ್ತಾಯಿತು. ಅವಳು ಓಡಿದಳು. ಮಗ ಮುಂದೆ ನಿಂತಿದ್ದ. ಮುಖ ಊದಿಸಿಕೊಂಡಿದ್ದ. ಹಗ್ಗ ಎಸೆಯುವುದಕ್ಕೂ ಮೊದಲು ಕೂಗಿದ, "ಅಮ್ಮಾ, ಬೊಟ್ಟ್ ಇಡ್ ಇಡ್ ಅಂದೇಳಿ ಕಡ್ಲೆಲ್ಲ ಕೂಗ್ಸಿದ್ಯಲೇ, ಎಂತ ಅವಸ್ರ ಇತ್ತ್ ನಿಂಗೆ?"

"ಇಡ್ ಅಂದ್ ಯಾರ್ ಹೇಳಿದ್ರ್?"

"ನೀನೇ ಅಂಬ್ರಲೇ!"

ಆಮೇಲೆ ಒಂದೊಂದಾಗಿ ಗೊತ್ತಾಯಿತು. ಕೋಡೇರಿಯವನ ಬಾಯಿಗೂ ಆ ಮಾತು ಬರಲಿಲ್ಲ. ಅವನು ಮುಂದಿನ ಬೋಟಿಗೆ, "ಅವ್ನ ಅಮ್ಮ ಬೊಟ್ಟಿನ ವಿಷ್ಯ ಬೇಗ ಮಾಡುಕ್ ಹೇಳಿದ್ರ್" ಎಂದ. ಆ ಬೋಟಿನವನು ಅದರ ಆಚೆಯವನಿಗೆ "ಬೊಟ್ಟ್ ಇಡುಕ್ ಹೇಳಿದ್ರ್" ಎಂದ. ಕಡಲಿನಲ್ಲಿರುವ ಗಂಡಸಿಗೆ ಅಮ್ಮ ಬೇರೆ ಎಂತ ಹೇಳಿಯಾಳು ಎಂದು ಎಲ್ಲರೂ ಒಳ್ಳೆಯದನ್ನೇ ತಿಳಿದರು. ನನ್ನ ಮಗನಿಗೆ ಮುಟ್ಟಿದಾಗ ಬೊಟ್ಟು ಇಡುವ ಅಪ್ಪಣೆ. ಮನೆಯಲ್ಲಿ ಏನೋ ಕೆಟ್ಟ ಕನಸು ಬಿದ್ದಿರಬೇಕು, ದೇವರ ವಿಷಯ ಇರಬೇಕು ಎಂದು ಅವನು ಹೆದರಿದ. ಕೇಸರಿಯ ಡಬ್ಬಿ ಮನೆಯಲ್ಲಿದೆ. ಕ್ಯಾಬಿನ್ನಿನ ದೇವರ ಪಟದ ಮುಂದಿನ ಕುಂಕುಮವನ್ನೆಲ್ಲ ತೆಂಗಿನೆಣ್ಣೆಯಲ್ಲಿ ಕಲಸಿ ಮಾಡು ಹತ್ತಿ, ಬಿಳಿಯ ನಡುವೆ ತಟ್ಟೆಯಷ್ಟು ದೊಡ್ಡದಾಗಿ ಬಳಿದ. ಕಲಾಸಿಗಳು ಕೈ ಮುಗಿದರಂತೆ.

ಬೆಳಿಗ್ಗೆ ವಿಮಾನ ಬಂತು. ಒಂದು ಸುತ್ತು ಹಾಕಿ ಹೋಗುವ ವಿಮಾನ ಮತ್ತೆ ಮತ್ತೆ ಸುತ್ತಿತು. ಅಷ್ಟು ಕೆಳ ಬಂತಂತೆ, ಒಳಗೆ ಕುಳಿತವರ ತಲೆ ಕಂಡಿತಂತೆ. ಇವರೆಲ್ಲ ಕೈ ಬೀಸಿದರು. ಸ್ವಲ್ಪ ಹೊತ್ತಿಗೆ ಕಾವಲಿನ ಬೋಟು ಬಂದು ಬಂದೂಕು ತೋರಿಸಿ ನಿಲ್ಲಿಸಿತು. ಎಲ್ಲರನ್ನೂ ಕೈ ಎತ್ತಿ ಕೂರಿಸಿದರು. ಚೀಟಿ ನೋಡಿದರು, ಮೀನಿನ ಕೆಳಗೆಲ್ಲ ಕೈ ಹಾಕಿ ನೋಡಿದರು. ಅವರ ಹಿರಿಯ ಅಧಿಕಾರಿ ಮಾಡನ್ನು ತೋರಿಸಿ ಹಿಂದಿಯಲ್ಲಿ ಕೇಳಿದನಂತೆ, ಇದು ಯಾವ ದೇಶ ಎಂದು.

"ನೀನ್ ಎಂತ ಹೇಳ್ದೆ?"

"ಗಂಗೊಳ್ಳಿ ಅಂದೆ."

ದಕ್ಕೆಯಲ್ಲಿದ್ದವರು ಹೋ ಎಂದು ನಕ್ಕರು. ನನಗೆ ನಗು ಬರಲಿಲ್ಲ. ಮಗ ಹೇಳುತ್ತಲೇ ಇದ್ದ, ಮುಂಬೈಯಲ್ಲಿ ಕಲಿತ ಹಿಂದಿ ಇದ್ದದ್ದಕ್ಕೆ ಬಚಾವು, ಬೊಟ್ಟು ಇಡುವ ಶಾಸ್ತ್ರವನ್ನು ವಿವರಿಸಿ ಹೇಳುವುದರಲ್ಲಿ ಬೆವರು ಇಳಿಯಿತು, ಕೊನೆಗೆ ಆ ಹಿರಿಯನೂ ನಕ್ಕ, ಮಾಡು ಉಜ್ಜಿ ತೆಗೆಯದೆ ಇನ್ನೊಮ್ಮೆ ಕಡಲಿಗೆ ಇಳಿದರೆ ಬೋಟು ಹಿಡಿಯುತ್ತೇನೆ ಎಂದು ಬೈದು ಬಿಟ್ಟ. ಹೇಳುತ್ತ ಹೇಳುತ್ತ ಮಗ ಹಗ್ಗದ ಒಂದೇ ಗಂಟನ್ನು ಬಿಚ್ಚಿ ಬಿಚ್ಚಿ ಕಟ್ಟುತ್ತಿದ್ದದ್ದು ನಾನು ಕಂಡೆ. ನಗುವವರು ಕಾಣಲಿಲ್ಲ.

ಮನೆಗೆ ಬಂದಾಗ ಅವನ ಅಪ್ಪ ಎಲ್ಲ ಕೇಳಿದರು. "ಹೊರ್ಗ್ ಹಸ್ರ್, ಮಧ್ಯ ಬಿಳಿ, ಒಳ್ಗ್ ಕೆಂಪ್. ಅದ್ ಅವರದ್ದೂ ಅಲ್ಲ, ನಮ್ದೂ ಅಲ್ಲ. ಮತ್ತೊಂದ್ ದೇಶದ್ದ್ ಇತ್ತ್ ಹಾಂಗೆ," ಎಂದು ತೊಡೆ ತಟ್ಟಿ ನಕ್ಕರು. ಆಮೇಲೆ ಹುರುಪು ಬಂತು. "ನಾಳೆ ನನ್ನ ಕರ್ಕಂಡ್ ಹೋಗ್ ಮಗಾ. ದಾರ ಹಿಡ್ದ್ ಸಮಾ ಗುಂಡ್ ಮಾಡಿ ಸರಿ ಬೊಟ್ಟ್ ಬಳ್ದ್ ಕೊಡ್ತೆ. ಕಣ್ಣ್ ಬ್ಯಾಡ ಅದಕ್ಕೆ ನಂಗೆ."

ಮಗ ಹೂಂ ಎನ್ನುವಂತಿದ್ದ. ನಾನು ಕೇಳಿದೆ, "ಸರಿ ಬೊಟ್ಟ್ ಬಳ್ದ್ರೆ ನಮ್ಮ ವಿಮಾನ ಎಂತ ಮಾಡ್ತ್?"

"ನಮ್ದ್ ಅಂದ್ ಬಿಡ್ತ್."

"ಅವ್ರ ವಿಮಾನ ಬಂದ್ರೆ?"

ಅವರು ಎಲೆಗೆ ಸುಣ್ಣ ಹಚ್ಚಿದರು. ಹಚ್ಚಿ ಹಾಗೇ ಹಿಡಿದುಕೊಂಡು ಕುಳಿತರು.

"ಸೈನ್ಯದ್ದ್ ಅಂದೇಳಿ ಹೊಡಿತ್ತ್," ಎಂದರು ಆಮೇಲೆ.

"ಹಾಂಗಾರೆ ಬ್ಯಾಡ. ಒಂದ್ ಬೊಟ್ಟೂ ಬ್ಯಾಡ. ಸರ್ಕಾರ ಹೇಳಿದ್ ಬಣ್ಣ, ಬೋಟಿನ ನಂಬ್ರ. ಮೀನ್ ಹಿಡಿವವ್ರಿಗೆ ಅಷ್ಟೇ ಸಾಕ್."

ಅವರು ಅಷ್ಟು ಕಾಲ ಬಳಿದದ್ದು ಅದೇ ಗುರುತನ್ನು. ಅವರಿಗೆ ನೋವಾಯಿತು, ನನಗೆ ಗೊತ್ತು. ಆಗಲಿ.

ಶುಕ್ರವಾರ ಸೊಸೆ ಬೋಟಿನ ಮೂತಿಗೆ ಕುಂಕುಮ ಇಟ್ಟು ತೆಂಗಿನಕಾಯಿ ಒಡೆದಳು. ಕಾಯಿ ಹೋಳು ನನ್ನ ಕೈಗೆ ಕೊಡುವಾಗ ಎರಡು ದಿನದ ಮೇಲೆ ಮೊದಲ ಮಾತು ಆಡಿದಳು.

"ಅತ್ತೆ, ನೀವ್ ಅದ್ ಹೇಳುಕಾಗ್ದಿತ್ತ್."

"ಹೇಳಿದ್ದಕ್ಕೆ ಎಂತ ಆಯ್ತ್? ಬಂದ ಅಲ್ದಾ?"

"ನೀವ್ ಹೇಳಿದ್ದ್ ಅವ್ರಿಗ್ ಮುಟ್ಲೇ ಇಲ್ಲ, ಅದ್ಕೇ ಬಂದ್ರ್."

ನನ್ನ ಮಾತು ಮುಟ್ಟಿದ್ದರೆ ಅವನು ಎಲ್ಲವನ್ನೂ ಒರೆಸುತ್ತಿದ್ದ, ವಿಮಾನ ಸುತ್ತುತ್ತಲೇ ಇರಲಿಲ್ಲ, ಬಂದೂಕಿನ ಮುಂದೆ ಕೈ ಎತ್ತಿ ಕೂರುವುದು ತಪ್ಪುತ್ತಿತ್ತು. ಹಾಗೆಂದು ನಾನು. ಆ ಮಾತು ಬಾಯಿಂದ ಬಾಯಿಗೆ ಹೋಗುವಾಗ ತಿರುಗಿತು, ತಿರುಗಿದ್ದೇ ಅವನನ್ನು ಕಾಯಿತು ಎಂದು ಅವಳು. ನಡುವೆ ಕುಂಕುಮ ಇರದೆ ಬರೀ ಬಿಳಿ ಇದ್ದಿದ್ದರೆ ಮೇಲಿನವರು ಕೆಳಗೆ ಇಳಿದು ನೋಡುತ್ತಿದ್ದರೋ, ನೋಡದೆ ಏನಾದರೂ ಮಾಡುತ್ತಿದ್ದರೋ, ಅದು ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕಾಯಿ ಹೋಳು ತೆಗೆದುಕೊಂಡೆ.

ಪೂಜೆ ಮುಗಿದ ಮೇಲೆ ಮಗ ಡೀಸೆಲು, ಹಳೆ ಬಟ್ಟೆ, ಉಜ್ಜುವ ಮರಳು ಕಾಗದ ಹಿಡಿದು ಮಾಡು ಹತ್ತಿದ. ಕುಂಕುಮ ಒಂದೇ ಸಲಕ್ಕೆ ಬಂತು. ಬಿಳಿ ನಿಧಾನಕ್ಕೆ ಬಂತು. ಹಸಿರು ಗಟ್ಟಿ. ಮೇಲೆ ಯಾವುದೋ ಸದ್ದು, ಇವತ್ತಿನದು ಕಾವಲಿನದೋ ಮಂಗಳೂರಿಗೆ ಹೋಗುವುದೋ ಗೊತ್ತಾಗಲಿಲ್ಲ, ಎತ್ತರದಲ್ಲಿತ್ತು. ನಾನು ದಕ್ಕೆಯಲ್ಲಿ ನಿಂತಿದ್ದೆ. ಕುಳಿತುಕೊಳ್ಳಲು ಯಾರೋ ಬುಟ್ಟಿ ಕವುಚಿ ಹಾಕಿದರು, ಕೂರಲಿಲ್ಲ.

"ಆಯ್ತಾ?"

"ಆಯ್ತ್."

"ಆ ಬದಿಯಂಗ್ ಇನ್ನೂ ಇತ್ತ್. ಬಳಿ ಹಾಂಗೆ ಕಾಂತ್."

"ಅಮ್ಮಾ, ಕೆಳ್ಗ್ ನಿಂತವ್ಳಿಗೆ ನಿಂಗೆ ಮಾಡ್ ಎಲ್ಲಿಂದ ಕಾಂತ್?"

"ನಂಗ್ ಕಾಂಬುದ್ ಬ್ಯಾಡ. ಉಜ್ಜ್."

ಅವನು ಬೈಯುತ್ತ ಮತ್ತೆ ಬಗ್ಗಿದ. ಸೊಸೆ ಮಂಜುಗಡ್ಡೆ ಫ್ಯಾಕ್ಟರಿಯ ಮೆಟ್ಟಿಲು ಹತ್ತಿ ಮೇಲಿನಿಂದ ನೋಡಿ ಕೂಗಿದಳು, "ಬಲ್ಗಡಿ, ಇನ್ನೊಂಚೂರ್ ಬಲ್ಗಡಿ!"

ನಾನೂ ಅದನ್ನೇ ಕೂಗಿದೆ.